ಗೌರಿಬಿದನೂರಿನ ನೆತ್ತಿ ಮೇಲೆ ಚೀನಾ ಉಪಗ್ರಹ?

ಚಿಂತಾಮಣಿ ಮಾವ: (ಹಲವು ಬಾರಿ ಫಾರ್ವರ್ಡ್ ಆಗಿದೆ) ಎಚ್ಚರ!! ಗೌರಿಬಿದನೂರು ಟೆಲಿಸ್ಕೋಪಿನ ಮೇಲೆ ಕಣ್ಣಿಡಲು ಚೀನಾ ಉಪಗ್ರಹ ಊರಿನ ನೆತ್ತಿಗೇ ಬಂದು ಅಲ್ಲಾಡದೆ ನಿಂತಿದೆ. ಮಿಷನ್ ಶಕ್ತಿ ಏಟು ಇದಕ್ಕೂ ಬೀಳಲಿ. ಹತ್ತು ಗುಂಪಿಗೆ ಕಳಿಸಿ.

ದೊಡ್ಡಪ್ಪ: ಒಂದು ಬಿಟ್ಟರೆ ಬುದ್ಧಿ ಬರುತ್ತೆ. ಜೈ ಹಿಂದ್.

ಪುಟ್ಟಿ: ಮಾವ, ಎಲ್ಲಿಂದ ಬಂತು ಇದು? ಉಪಗ್ರಹ ನಿಂತ ಹಾಗೆ ಕಾಣಬೇಕಾದರೆ ಸಮಭಾಜಕದ ಮೇಲೆ, 35,786 ಕಿ.ಮೀ. ಎತ್ತರದಲ್ಲೇ ಇರಬೇಕು. ಗೌರಿಬಿದನೂರು 13.6 ಡಿಗ್ರಿ ಉತ್ತರಕ್ಕಿದೆ. ನೆತ್ತಿ ಮೇಲೆ ಯಾವುದೂ ನಿಲ್ಲಲ್ಲ. ನಮ್ಮನೆ ಡಿಶ್ಶು ಆಗ್ನೇಯಕ್ಕೆ ವಾಲಿರೋದೂ ಅದಕ್ಕೇ.

ಸೀನ: ಡಿಶ್ ಅಂದ್ರೆ ನೆನಪಾಯ್ತು, ತಾತನ ಮನೆ ಮಾಳಿಗೆ ಹತ್ತಿ ಆಂಟೆನಾ ತಿರುಗಿಸ್ತಾ "ಬಂತಾ? ಬಂತಾ?" ಅಂತ ಕೂಗ್ತಿದ್ವಲ್ಲ!

ಶಿಡ್ಲಘಟ್ಟ ಅತ್ತೆ: ಆ ಆಂಟೆನಾ ಗುಜರಿಗೆ ಹಾಕಿ ದುಡ್ಡು ಇಟ್ಕೊಂಡಿದ್ದು ಯಾರು ಅಂತ ಹೇಳಲಾ?

ದೊಡ್ಡಪ್ಪ: ಪುಟ್ಟಿ, ದೇಶದ ವಿಷಯದಲ್ಲಿ ಸಾಕ್ಷಿ ಕೇಳಬಾರದಮ್ಮ. ನಿಮ್ಮಪ್ಪನೂ ಹೀಗೇ, ಪಾಲಾಗುವಾಗ ಅಣ್ಣನ ಹತ್ರಾನೇ ಪಹಣಿ ಕೇಳಿದ.

ಪುಟ್ಟಿ: ಅಪ್ಪನ್ನ ಬಿಡಿ ದೊಡ್ಡಪ್ಪ. 2019ರ ಮಾರ್ಚ್ 27ರಂದು ಮಿಷನ್ ಶಕ್ತಿಯಲ್ಲಿ ನಾವು ಕ್ಷಿಪಣಿ ಬಿಟ್ಟು ಹೊಡೆದದ್ದು ನಮ್ಮದೇ ಉಪಗ್ರಹ ಮೈಕ್ರೋಸ್ಯಾಟ್-ಆರ್, ಸುಮಾರು 280 ಕಿ.ಮೀ. ಎತ್ತರದಲ್ಲಿ. ಅಷ್ಟು ಕೆಳಗೆ ಬೇಕಂತಲೇ ಹೊಡೆದದ್ದು. ಅಲ್ಲಿನ ತೆಳು ಗಾಳಿಗೇ ಚೂರುಗಳ ವೇಗ ತಗ್ಗಿ, ಕೆಳಗಿಳಿದು ಉರಿದುಹೋಗ್ತವೆ. ಆದರೂ ಕೆಲವು ಮೇಲಕ್ಕೆ ಚಿಮ್ಮಿ ವರ್ಷ ದಾಟಿದರೂ ಸುತ್ತುತ್ತಿದ್ದವು. ಚೀನಾ 2007ರಲ್ಲಿ ತನ್ನದೇ ಉಪಗ್ರಹ ಫೆಂಗ್‌ಯುನ್-1ಸಿ ಒಡೆದದ್ದು 860 ಕಿ.ಮೀ. ಆಸುಪಾಸಿನಲ್ಲಿ. 3,000ಕ್ಕೂ ಹೆಚ್ಚು ಚೂರಾಯ್ತು, ಬಹುಪಾಲು ಇನ್ನೂ ಮೇಲೇ ಇವೆ. 35,786ರಲ್ಲಿ ಒಡೆದರೆ ತಡೆಯೋಕೆ ಗಾಳಿಯೇ ಇಲ್ಲ. ಅದೇ ದಾರಿಯಲ್ಲಿ ನಮ್ಮ ಜಿಸ್ಯಾಟ್ ಸಂಪರ್ಕ ಉಪಗ್ರಹಗಳೂ ಇವೆ.

ಚಿಂತಾಮಣಿ ಮಾವ: ಅಮೆರಿಕ ನಮ್ಮ ಜೊತೆಗಿದೆ, 2023ರಲ್ಲಿ ಅವರ ಆರ್ಟೆಮಿಸ್ ಒಪ್ಪಂದಕ್ಕೆ ನಾವು ಸಹಿ ಹಾಕಿಲ್ವಾ?

ಪುಟ್ಟಿ: ಅದು ಚಂದ್ರನ ಮೇಲೆ ಹೇಗೆ ನಡ್ಕೋಬೇಕು ಅನ್ನೋದಕ್ಕೆ ಮಾವ, ಯುದ್ಧಕ್ಕೆ ಬರ್ತೀವಿ ಅಂತಲ್ಲ. 1967ರ ಅಂತರರಾಷ್ಟ್ರೀಯ ಬಾಹ್ಯಾಕಾಶ ಒಪ್ಪಂದವೂ ಕಕ್ಷೆಯಲ್ಲಿ ಅಣ್ವಸ್ತ್ರ ಇಡಬೇಡಿ ಅನ್ನುತ್ತೆ, ನೆಲದಿಂದ ಕ್ಷಿಪಣಿ ಬಿಟ್ಟು ಉಪಗ್ರಹ ಒಡೆಯೋದನ್ನ ನಿಷೇಧಿಸಿಲ್ಲ. ಇನ್ನು ಆ ಟೆಲಿಸ್ಕೋಪು ಸೂರ್ಯನಿಂದ ಬರೋ ರೇಡಿಯೋ ಅಲೆ ಹಿಡಿಯೋದು. ರೇಡಾರ್ ಅಲ್ಲ, ತಾನಾಗಿ ಏನೂ ಕಳಿಸಲ್ಲ.

ದೊಡ್ಡಪ್ಪ: ಓದಿದವರಿಗೆ ದೊಡ್ಡವರು ಕಣ್ಣಿಗೆ ಕಾಣಲ್ಲ.

ಸೀನ: ಮಾವ, ಡಿಲೀಟ್ ಮಾಡಿ.

ಚಿಂತಾಮಣಿ ಮಾವ: ಹತ್ತು ಗುಂಪಿಗೂ ಹೋಗಿಬಿಟ್ಟಿದೆ ಕಣೋ.

ಶಿಡ್ಲಘಟ್ಟ ಅತ್ತೆ: ಚೀನಾ ಸಾಕು. ಭಾನುವಾರ ತೋಟದಲ್ಲಿ ಹುಣಸೆ ಬಡಿಸ್ತೀನಿ, ಚೀಲ ತಗೊಂಡು ಬನ್ನಿ.

ದೊಡ್ಡಪ್ಪ: ಯಾರ ಪಾಲಿನ ಮರ?