ಸಹಾಯ ಬೇಕು: ಮೈಮೇಲೆ ನುಗ್ಗಿ ಬರುವ ಎಡಚ ಬಾಕ್ಸರ್‌ನನ್ನು ಎದುರಿಸೋದು ಹೇಗೆ?

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ನನ್ನ ತಮ್ಮನಿಗೆ ದೊಡ್ಡ ಪಂದ್ಯ ಇದೆ. 3 ನಿಮಿಷದ 3 ಸುತ್ತು. ಎದುರಾಳಿ ಎಡಚ, ಬೆಲ್ ಹೊಡೆದ ಕೂಡಲೇ ನುಗ್ಗುವವನು. ತಮ್ಮ ಬಲಗೈಯವನು, ಇಲ್ಲಿವರೆಗೆ ಆಡಿದ್ದೆಲ್ಲ ಬಲಗೈಯವರ ಜೊತೆಗೇ.

ಕಳೆದ ವಾರ ಹೇಗೋ ಒಬ್ಬ ಎಡಚ ಹುಡುಗನನ್ನು ಹಿಡಿದು ಸ್ಪಾರಿಂಗ್ (ಅಭ್ಯಾಸದ ಕಾದಾಟ) ಮಾಡಿಸಿದೆ. ಮೊದಲ ಸುತ್ತಲ್ಲೇ ಮೂರು ಸಲ ಇಬ್ಬರ ಮುಂಗಾಲು ತೊಡರಿತು. ತಮ್ಮನ ಜಾಬ್ (ಮುಂದಿನ ಕೈಯ ನೇರ ಏಟು) ಅವನ ಮುಂದಿನ ಗ್ಲೌಸ್‌ಗೇ ಬಡಿಯುತ್ತಿತ್ತು. ಎಡಗಾಲನ್ನು ಅವನ ಬಲಗಾಲಿನ ಹೊರಗೆ ಇಟ್ಟು ಎಡಕ್ಕೆ ಸುತ್ತು ಅಂತ ಕೂಗಿ ಕೂಗಿ ಗಂಟಲು ಹೋಯ್ತು. ಗಾಬರಿಯಾದರೆ ಬಲಕ್ಕೇ ಸರಿಯುತ್ತಾನೆ. ಅಲ್ಲಿ ಎದುರಾಳಿಯ ಎಡಗೈ ಕಾದಿರುತ್ತೆ, ಅಲ್ವಾ?

2012ರಲ್ಲಿ ಲಾಸ್ ವೇಗಸ್‌ನಲ್ಲಿ ಬಲಗೈ ಬಾಕ್ಸರ್ ಮಾರ್ಕೆಸ್ 6ನೇ ಸುತ್ತಿನ ಕೊನೆಗೆ ಎಡಚ ಪಕಿಯಾವೊನನ್ನು ಮಲಗಿಸಿದ್ದನ್ನು ತೋರಿಸಿದೆ. ಪಕಿಯಾವೊ ನುಗ್ಗಿದ, ಮಾರ್ಕೆಸ್‌ನ ಒಂದೇ ಬಲಗೈ ಏಟಿಗೆ ಮಕಾಡೆ ಬಿದ್ದ. ಆದರೆ ಅದು ಅವರಿಬ್ಬರ ನಾಲ್ಕನೇ ಪಂದ್ಯ! ನಮ್ಮ ಹುಡುಗನಿಗೆ ಅಷ್ಟು ಪರಿಚಯ ಎಲ್ಲಿಂದ ಬರಬೇಕು? 2015ರಲ್ಲಿ ಮೇವೆದರ್ ಅದೇ ಪಕಿಯಾವೊಗೆ ನೇರ ಬಲಗೈ ಹೊಡೆದು, ಹತ್ತಿರ ಬಂದರೆ ತಬ್ಬಿ ಹಿಡಿದು ಗೆದ್ದ. ನನಗೆ ಈ ದಾರಿಯೇ ಸರಿ ಅನ್ನಿಸುತ್ತೆ. ಆದರೆ ತಮ್ಮ ಆಡೋ ಅಮೆಚೂರ್ (ಹವ್ಯಾಸಿ) ಬಾಕ್ಸಿಂಗ್‌ನಲ್ಲಿ ಜಾಸ್ತಿ ತಬ್ಬಿದರೆ ರೆಫರಿ ಸುಮ್ನೆ ಬಿಡಲ್ಲ.

ಎಡಚರ ಜೊತೆ ಆಡಿದವರು ಯಾರಾದರೂ ಇದ್ದರೆ ಹೇಳಿ. ಈ ಕಾಲಿನ ಅಭ್ಯಾಸವನ್ನು ಒಂದು ತಿಂಗಳಲ್ಲಿ ಕೂರಿಸೋದು ಹೇಗೆ? ನೇರ ಬಲಗೈಯನ್ನು ತಲೆಗಿಂತ ಹೊಟ್ಟೆಗೆ ಹೊಡೆಸಲಾ? ಬೆಂಗಳೂರಿನಲ್ಲಿ 60 ಕೆಜಿ ಆಸುಪಾಸಿನ ಎಡಚರು ಸ್ಪಾರಿಂಗ್‌ಗೆ ಸಿಕ್ಕರೆ ಇನ್ನೂ ಒಳ್ಳೇದು, ಭಾನುವಾರ ನಾವೇ ಬರ್ತೇವೆ.