ಅಪ್ಪನ ಶ್ವಾಸಕೋಶದಲ್ಲಿ 7 ಮಿ.ಮೀ. ಗಂಟು: ಆರು ತಿಂಗಳು ಕಾಯುವುದಾ?

ಪ್ರಶ್ನೆ (ಮಲ್ಪೆಯಿಂದ): ನಮಸ್ಕಾರ ಡಾಕ್ಟ್ರೇ. ಅಪ್ಪನಿಗೆ 63. ಮೂವತ್ತು ವರ್ಷ ಬೋಟಿಗೆ ಹೋದವರು. ಬೀಡಿ ಬಿಟ್ಟು ನಾಲ್ಕು ವರ್ಷ ಆಯ್ತು. ಕಳೆದ ತಿಂಗಳು ಸ್ಕೂಟರಿನಿಂದ ಬಿದ್ದರು ಅಂತ ಎದೆಯ ಸಿಟಿ ಮಾಡಿಸಿದೆವು. ಪಕ್ಕೆಲುಬು ಸರಿ ಉಂಟು, ಆದರೆ ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ 7 ಮಿ.ಮೀ. ನಾಡ್ಯೂಲ್ ಅಂತೆ. ಕೆಮ್ಮಿಲ್ಲ, ಊಟ ನಿದ್ದೆ ಎಲ್ಲ ಸರಿ. ಆರು ತಿಂಗಳು ಬಿಟ್ಟು ಬನ್ನಿ ಅಂದಿದ್ದಾರೆ. ಕ್ಯಾನ್ಸರ್ ಇರಲೂಬಹುದು ಅಂತ ಹೇಳಿ ಸುಮ್ಮನೆ ಮನೆಗೆ ಕಳಿಸುವುದು ಎಂತ ಕ್ರಮ? ಕೂಡಲೇ ಪೆಟ್ ಸ್ಕ್ಯಾನ್ ಮಾಡಿಸಿ ಅಂತ ಮಾವನ ಹಟ.

ಉತ್ತರ (ಶ್ವಾಸಕೋಶ ತಜ್ಞ, ಮಂಗಳೂರು): ನಿಮ್ಮ ಸಿಟ್ಟು ಅರ್ಥ ಆಗ್ತದೆ, ಆದರೆ ಅವರು ಹೇಳಿದ್ದು ಸರಿಯೇ. ಇಂಥ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ನಮ್ಮಲ್ಲಿ ಎಂದೋ ಬಂದು ವಾಸಿಯಾದ ಟಿಬಿಯ ಕಲೆಗಳೇ ಧಾರಾಳ. ಆದರೆ ಬೀಡಿಯ ಚರಿತ್ರೆ ಮತ್ತು ಮೇಲ್ಭಾಗದ ಜಾಗ ಎರಡೂ ಇರುವುದರಿಂದ ಮರೆತುಬಿಡುವ ಹಾಗೂ ಇಲ್ಲ.

ಪೆಟ್ ಅಂದರೆ ಸಕ್ಕರೆಯನ್ನು ಚುರುಕಾಗಿ ಬಳಸುವ ಜಾಗಗಳನ್ನು ಹೊಳೆಯುವಂತೆ ತೋರಿಸುವ ಸ್ಕ್ಯಾನ್. 8 ಮಿ.ಮೀ.ಗಿಂತ ಸಣ್ಣದನ್ನು ಅದು ನಂಬಿಕೆಯಿಂದ ಹೇಳಲಾರದು. ಟಿಬಿಯೂ ಅದರಲ್ಲಿ ಕ್ಯಾನ್ಸರಿನ ಹಾಗೆಯೇ ಹೊಳೆಯುತ್ತದೆ. ಸೂಜಿ ಹಾಕಿ ಪರೀಕ್ಷೆಗೆ ತುಣುಕು ತೆಗೆಯೋಣವೆಂದರೆ ಉಸಿರಾಡಿದಾಗೆಲ್ಲ ಅಷ್ಟು ಸಣ್ಣ ಗಂಟು ಜಾಗ ಬದಲಿಸುತ್ತದೆ. ಗುರಿ ತಪ್ಪಬಹುದು, ಶ್ವಾಸಕೋಶದ ಸುತ್ತ ಗಾಳಿ ಸೋರಬಹುದು. ಉಳಿದದ್ದು ಬೆಳವಣಿಗೆ ನೋಡುವುದು. 7 ಇದ್ದದ್ದು 9 ಆದರೆ ಕಣ್ಣಿಗೆ ಎರಡೇ ಮಿ.ಮೀ., ಆದರೆ ಗಂಟಿನ ಘನಗಾತ್ರ ದುಪ್ಪಟ್ಟು! ಒಂದೇ ತಿಂಗಳಲ್ಲಿ ಮತ್ತೆ ಸ್ಕ್ಯಾನ್ ಮಾಡಿದರೆ ಅಳತೆಯ ತಪ್ಪೇ ಬೆಳವಣಿಗೆಯಂತೆ ಕಂಡೀತು. ಅದಕ್ಕೇ ಎದೆಯ ಸ್ಕ್ಯಾನ್ ತಜ್ಞರ ಅಂತರರಾಷ್ಟ್ರೀಯ ಸಂಘವಾದ ಫ್ಲೈಷ್ನರ್ ಸೊಸೈಟಿಯ 2017ರ ಮಾರ್ಗಸೂಚಿಯಲ್ಲಿ 6ರಿಂದ 8 ಮಿ.ಮೀ.ನ ಗಟ್ಟಿ ಗಂಟಿಗೆ 6-12 ತಿಂಗಳಲ್ಲಿ ಒಂದು ಸಿಟಿ, ಅಪ್ಪನಂಥವರಿಗೆ 18-24 ತಿಂಗಳಲ್ಲಿ ಇನ್ನೊಂದು. ಕಡಿಮೆ ವಿಕಿರಣದ, ತೆಳು ಪದರದ ಸಿಟಿ ಸಾಕು. ಆದಷ್ಟು ಅದೇ ಸೆಂಟರಿನಲ್ಲಿ ಮಾಡಿಸಿ. ಕಫದಲ್ಲಿ ರಕ್ತ ಬಂದರೆ, ತೂಕ ಇಳಿದರೆ ತಾರೀಕಿಗೆ ಕಾಯಬೇಡಿ. ಹಿಂದೆ ಬೇರೆ ಕ್ಯಾನ್ಸರ್ ಆಗಿದ್ದವರಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ.

ಇನ್ನೊಂದು. ಪರೀಕ್ಷೆಯ ಆಧಾರ ಇಲ್ಲದೆ ‘ಟಿಬಿ ಇರಬಹುದು’ ಅಂತ ಆರು ತಿಂಗಳ ಮಾತ್ರೆ ಯಾರಾದರೂ ಬರೆದರೆ ಯಾಕೆ ಅಂತ ಕೇಳಿ.

ಪ್ರಶ್ನೆ (ಉಡುಪಿಯಿಂದ): ಸರ್, ನನ್ನ ಅತ್ತೆ ಬೀಡಿ ಮುಟ್ಟಿದವರೇ ಅಲ್ಲ. ಅವರಿಗೆ 9 ಮಿ.ಮೀ. ‘ಗ್ರೌಂಡ್ ಗ್ಲಾಸ್’ ಅಂತ ಬಂದಿದೆ. ಪೆಟ್‌ನಲ್ಲಿ ಏನೂ ಇಲ್ಲ. ನಿಶ್ಚಿಂತೆ ಅಲ್ವಾ?

ಉತ್ತರ: ಅಲ್ಲ. ಮಂಜು ಕವಿದ ಗಾಜಿನ ಹಾಗೆ ಕಾಣುವ ಈ ಬಗೆ ಕ್ಯಾನ್ಸರ್ ಆಗಿದ್ದರೂ ತುಂಬ ನಿಧಾನದ್ದು, ಪೆಟ್‌ನಲ್ಲಿ ಹೊಳೆಯುವುದೇ ಅಪರೂಪ. ಬೀಡಿ ಸೇದದ ಹೆಂಗಸರಲ್ಲೂ ಬರುತ್ತದೆ. ಸೋಂಕಿನದ್ದಾದರೆ ತಾನಾಗಿ ಮಾಯವಾದೀತು. 6-12 ತಿಂಗಳಲ್ಲಿ ಒಂದು ಸಿಟಿ ಮಾಡಿಸಿ. ಆಗಲೂ ಉಳಿದಿದ್ದರೆ ಎರಡು ವರ್ಷಕ್ಕೊಮ್ಮೆ, ಒಟ್ಟು ಐದು ವರ್ಷ ನೋಡಬೇಕು. ಒಳಗೆ ಗಟ್ಟಿ ಭಾಗ ಮೂಡಿ ಬೆಳೆದರೆ ಆಪರೇಷನ್ ಮಾತು. ಆ ಹಂತದಲ್ಲಿ ತೆಗೆದರೆ ಗುಣವಾಗುವ ಸಾಧ್ಯತೆ ಬಹಳ ಹೆಚ್ಚು.

ಪ್ರಶ್ನೆ (ಮಲ್ಪೆ): ಡಾಕ್ಟ್ರೇ, 2021ರಲ್ಲಿ ಕೋವಿಡ್ ಬಂದಾಗ ಅಪ್ಪನಿಗೆ ಒಂದು ಸಿಟಿ ಆಗಿತ್ತು. ಅದು ಉಪಯೋಗಕ್ಕುಂಟಾ?

ಉತ್ತರ: ಅದನ್ನು ಮೊದಲೇ ಹೇಳಬಾರದಿತ್ತಾ ಮಾರಾಯ್ರೆ! ರಿಪೋರ್ಟಿನ ಕಾಗದ ಸಾಲದು. ಆಗ ಎಲ್ಲರ ಕಣ್ಣೂ ಕೋವಿಡ್ ಮೇಲೆ, ಗಂಟನ್ನು ಬರೆಯದೇ ಬಿಟ್ಟಿರಬಹುದು. ಸಿ.ಡಿ. ಹುಡುಕಿ, ಸಿಗದಿದ್ದರೆ ಸ್ಕ್ಯಾನ್ ಮಾಡಿದಲ್ಲಿ ಕೇಳಿ. ಅಂದೇ ಇಷ್ಟೇ ಗಾತ್ರದಲ್ಲಿ ಇತ್ತು ಅಂತಾದರೆ ಗಟ್ಟಿ ಗಂಟಿಗೆ ಬೇಕಾದ ಎರಡು ವರ್ಷದ ಕಾಯುವಿಕೆ ಆಗಲೇ ಮುಗಿದಿದೆ.