ಸಹಾಯ ಬೇಕು: ಹೊಯ್ ಆನ್‌ನಲ್ಲಿ ಸೂಟ್ ಹೊಲಿಯುವ ನಂಬಿಕಸ್ಥ ದರ್ಜಿ

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ವಿಯೆಟ್ನಾಂ ಪ್ರವಾಸದಲ್ಲಿ ಐದು ದಿನ ಹೊಯ್ ಆನ್‌ನಲ್ಲಿ ತಂಗಲಿರುವ ನಾನು, ತಮ್ಮನ ಆರತಕ್ಷತೆಗೆ ತೊಡಲು ಅಲ್ಲಿಯೇ ಒಂದು ಸೂಟ್ ಹೊಲಿಸಬೇಕೆಂದಿದ್ದೇನೆ. 1999ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಆ ಹಳೆಯ ಪೇಟೆಯಲ್ಲಿ ದರ್ಜಿ ಅಂಗಡಿಗಳು ಸಾಲುಸಾಲಾಗಿರುವುದರಿಂದ ಆಯ್ಕೆ ಮಾಡುವುದೇ ಕಷ್ಟವಾಗಿದೆ. ಒಂದೇ ದಿನದಲ್ಲಿ ಹೊಲಿದು ಕೊಡುವ ಸೂಟ್ ನನಗೆ ಬೇಡ. ಕನಿಷ್ಠ ಎರಡು ಬಾರಿ ತೊಡಿಸಿ ನೋಡಿ, ಭುಜ ಮತ್ತು ತೋಳನ್ನು ತಾಳ್ಮೆಯಿಂದ ಸರಿಪಡಿಸುವವರು ಬೇಕು. ಹಿಂದೊಮ್ಮೆ ಬೇರೆ ಊರಿನಲ್ಲಿ ಹೊಲಿಸಿದ ಕೋಟಿನ ಎದೆಭಾಗಕ್ಕೆ ಕ್ಯಾನ್ವಾಸ್ ಇಟ್ಟು ಹೊಲಿಯದೆ ಒಳಪದರವನ್ನು ಬರೀ ಅಂಟಿಸಿದ್ದರಿಂದ, ಕೆಲವು ಬಾರಿ ಡ್ರೈ ಕ್ಲೀನ್ ಮಾಡಿಸುವಷ್ಟರಲ್ಲಿ ಬಟ್ಟೆ ಗುಳ್ಳೆ ಎದ್ದಿತು. ಅಲ್ಲಿ ಸ್ವತಃ ಹೊಲಿಸಿಕೊಂಡವರು ಅಂಗಡಿಯ ಹೆಸರು, ಕೊಟ್ಟ ಬೆಲೆ, ಅಪ್ಪಟ ಉಣ್ಣೆಯ ಬಟ್ಟೆಯೆಂದು ಖಾತ್ರಿಪಡಿಸಿಕೊಂಡ ಬಗೆಯನ್ನು ದಯವಿಟ್ಟು ತಿಳಿಸಿ. ಮುಂದೆ ಸಡಿಲಿಸಲು ಒಳಹೊಲಿಗೆಯಲ್ಲಿ ಬಟ್ಟೆ ಬಿಟ್ಟಿದ್ದರೇ ಎಂಬುದನ್ನೂ ಬರೆಯಿರಿ.